ಮಕ್ಕಳ ಸೊಟ್ಟ ಹಲ್ಲು: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು?

ಮಗುವಿನ ಹಲ್ಲು ಸೊಟ್ಟಗೆ ಬಂದರೆ ಮನೆಯಲ್ಲಿ ಎರಡು ಮಾತು ಕೇಳಿಬರುತ್ತೆ. ಒಂದು, 'ಹಾಲುಹಲ್ಲೆಲ್ಲ ಬೀಳಲಿ, ಆಮೇಲೆ ನೋಡೋಣ ಬಿಡಿ'. ಇನ್ನೊಂದು, 'ಈಗಲೇ ಕ್ಲಿಪ್ ಹಾಕಿಸಿಬಿಡೋಣ'. ಎರಡೂ ಎಲ್ಲ ಮಕ್ಕಳಿಗೆ ಸರಿಹೋಗಲ್ಲ. ಕೆಲವು ತೊಂದರೆಗೆ ಕಾದರೆ ನಷ್ಟ, ಕೆಲವಕ್ಕೆ ಆತುರಪಟ್ಟರೆ ದುಡ್ಡು ದಂಡ.

7 ವರ್ಷದೊಳಗೆ ಒಮ್ಮೆ ತೋರಿಸಿ

ಸುಮಾರು 6ನೇ ವರ್ಷಕ್ಕೆ ಹಾಲುಹಲ್ಲಿನ ಸಾಲಿನ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಹುಟ್ಟುತ್ತೆ. ಮುಂದಿನ ಹಲ್ಲುಗಳೂ ಬದಲಾಗಲು ಶುರುವಾಗುತ್ತವೆ. ಆಗ ಮೇಲಿನ ಮತ್ತು ಕೆಳಗಿನ ದವಡೆ ಹೇಗೆ ಕೂಡುತ್ತಿವೆ ಅಂತ ವೈದ್ಯರಿಗೆ ಗೊತ್ತಾಗುತ್ತೆ. ಅದಕ್ಕೇ 7 ವರ್ಷದೊಳಗೆ ಒಮ್ಮೆ ತಪಾಸಣೆ ಮಾಡಿಸಿ ಎಂದು ಅಮೆರಿಕದ ಆರ್ಥೊಡಾಂಟಿಸ್ಟ್‌ಗಳ ಸಂಘ ಸಲಹೆ ನೀಡುತ್ತದೆ. ತಪಾಸಣೆ ಅಂದ್ರೆ ಕ್ಲಿಪ್ ಹಾಕಿಸೋದು ಅಂತಲ್ಲ. ಎಷ್ಟೋ ಮಕ್ಕಳಿಗೆ 'ಇನ್ನೂ ಕಾಯೋಣ' ಎಂಬುದೇ ಉತ್ತರ.

ಇವುಗಳಿಗೆ ಕಾಯಬೇಡಿ

ಮಗುವಿಗೆ ಹಲ್ಲು ಕಚ್ಚಲು ಹೇಳಿ ನೋಡಿ. ಮೇಲಿನ ಹಲ್ಲು ಕೆಳಗಿನದರ ಹೊರಗೆ ಕೂರಬೇಕು. ಒಂದು ಪಕ್ಕದಲ್ಲಿ ಮೇಲಿನದೇ ಒಳಗೆ ಹೋಗಿದ್ದರೆ ಅದನ್ನು ಕ್ರಾಸ್‌ಬೈಟ್ ಅಂತಾರೆ. ಇಂಥ ಮಕ್ಕಳಲ್ಲಿ ಕೆಲವರು ಕಚ್ಚುವಾಗ ಗದ್ದವನ್ನು ಪಕ್ಕಕ್ಕೆ ಸರಿಸ್ತಾರೆ. ಹಾಗೇ ಬೆಳೆದರೆ ಮುಖ ಒಂದು ಕಡೆಗೆ ವಾಲಬಹುದು.

ಅಂಗುಳದ ಮೂಳೆಯಲ್ಲಿ ಎಡ, ಬಲ ಎರಡು ಭಾಗ ಇರುತ್ತೆ. ನಡುವಿನ ಕೂಡು ಚಿಕ್ಕ ವಯಸ್ಸಲ್ಲಿ ಬಿಗಿದಿರಲ್ಲ, ಹಾಗಾಗಿ ಸಣ್ಣ ಸ್ಕ್ರೂ ಇರುವ ಸಾಧನದಿಂದ ಅದನ್ನು ಅಗಲ ಮಾಡಬಹುದು. ಹದಿಹರೆಯ ದಾಟಿದ ಮೇಲೆ ಆಪರೇಷನ್ನೇ ಬೇಕಾಗಬಹುದು. ಕೆಳಗಿನ ಹಲ್ಲು ಮುಂದೆ ಚಾಚಿದ್ದರೂ ಬೇಗ ತೋರಿಸಿ. ಮೇಲಿನ ದವಡೆಯನ್ನು ಮುಂದಕ್ಕೆ ಎಳೆಯುವ ಚಿಕಿತ್ಸೆ ಎಳೆ ವಯಸ್ಸಲ್ಲೇ ಚೆನ್ನಾಗಿ ಫಲ ಕೊಡೋದು.

ಹುಳುಕು ಹಿಡಿದು ಹಾಲು ದವಡೆಹಲ್ಲು ಬೇಗ ಕೀಳಿಸಿದರೆ ಅಕ್ಕಪಕ್ಕದ ಹಲ್ಲು ವಾಲಿ ಜಾಗ ಮುಚ್ಚುತ್ತೆ, ಹೊಸ ಹಲ್ಲಿಗೆ ದಾರಿ ಇರಲ್ಲ. ಜಾಗ ಉಳಿಸುವ ತಂತಿ ಹಾಕಿಸಬೇಕಾ ಅಂತ ಕೀಳಿಸುವ ದಿನವೇ ಕೇಳಿ. 4 ವರ್ಷ ದಾಟಿದರೂ ಬೆರಳು ಚೀಪುವ ಮಗುವಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಇವುಗಳಿಗೆ ಕಾಯಬಹುದು

8-9 ವರ್ಷದಲ್ಲಿ ಮೇಲಿನ ಮುಂದಿನ ಹಲ್ಲುಗಳ ನಡುವೆ ಸಂದು ಕಂಡರೆ ಗಾಬರಿ ಬೇಡ. ಕೋರೆಹಲ್ಲು ಬಂದ ಮೇಲೆ ಸಾಮಾನ್ಯವಾಗಿ ಅದು ತಾನಾಗೇ ಕೂಡಿಕೊಳ್ಳುತ್ತೆ.

ಉಬ್ಬುಹಲ್ಲಿನ ವಿಷಯ ಸ್ವಲ್ಪ ಬೇರೆ. ಬೇಗ ಶುರು ಮಾಡಿ ಎರಡು ಹಂತದಲ್ಲಿ ಸರಿಪಡಿಸಿದರೂ, ಹದಿಹರೆಯದಲ್ಲಿ ಒಂದೇ ಸಲ ಮಾಡಿದರೂ ಕೊನೆಗೆ ಸಿಗುವ ಜೋಡಣೆ ಹೆಚ್ಚುಕಡಿಮೆ ಒಂದೇ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಕೊಕ್ರೇನ್ ವಿಮರ್ಶೆ ಹೇಳುತ್ತದೆ. ಬೇಗ ಮಾಡಿಸಿದರೆ ಇರುವ ಲಾಭ, ಬಿದ್ದಾಗ ಮುಂದಿನ ಹಲ್ಲು ಮುರಿಯುವ ಸಾಧ್ಯತೆ ಕಡಿಮೆ.

ಎಲ್ಲಿ ತೋರಿಸೋದು?

ಸರ್ಕಾರಿ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಕ್ಕಳ ಹಲ್ಲನ್ನೂ ಉಚಿತವಾಗಿ ನೋಡುತ್ತದೆ. ಸರ್ಕಾರಿ ಆಸ್ಪತ್ರೆಯ ದಂತ ವೈದ್ಯರಿಗೂ ಮೊದಲು ತೋರಿಸಬಹುದು. ಚಿಕಿತ್ಸೆ ಬೇಕು ಅಂದರೆ ಆರ್ಥೊಡಾಂಟಿಕ್ಸ್‌ನಲ್ಲಿ ಎಂಡಿಎಸ್ ಮಾಡಿದವರ ಬಳಿ ಹೋಗಿ.

ದುಡ್ಡು ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಈಗ ಮಾಡಿಸದಿದ್ದರೆ ಏನಾಗುತ್ತೆ? ದೊಡ್ಡವನಾದ ಮೇಲೆ ಮತ್ತೆ ಕ್ಲಿಪ್ ಬೇಕಾಗುತ್ತಾ? ಎಷ್ಟು ಸಲ ಬರಬೇಕು? ಎಲ್ಲ ಸೇರಿ ಖರ್ಚೆಷ್ಟು? ಮೊದಲ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಇನ್ನೊಬ್ಬ ವೈದ್ಯರನ್ನು ಕೇಳೋದೇ ಒಳ್ಳೇದು.