ಹೋಗದ ಫ್ಯೂಸು

ನಮ್ಮನೆ ವಾಷಿಂಗ್ ಮಷಿನ್ ಮುಂದೆ ಒಂದು ಹಲಸಿನ ಮಣೆ ಬಿದ್ದಿರುತ್ತಿತ್ತು, ಊಟಕ್ಕೆ ಕೂರುವ ಮಣೆ. "ಅತ್ತೆ, ಮಷಿನ್ ಮುಟ್ಟಿದರೆ ಜುಮ್ ಅನ್ನತ್ತೆ" ಎಂದು ಸೊಸೆ ಹೇಳಿದಾಗ ನಾನೇ ತಂದು ಹಾಕಿದ್ದು. "ಇದರ ಮೇಲೆ ನಿಂತ್ಕೊಂಡು ಬಟ್ಟೆ ಹಾಕಮ್ಮ, ಏನೂ ಆಗಲ್ಲ." ಎರಡು ವರ್ಷ ಏನೂ ಆಗಲಿಲ್ಲ. ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಹುಡುಕದೆ ಮನೆಗೆ ಹೊರಡದವಳು ನಾನು. ಮನೆಯಲ್ಲಿ ಕರೆಂಟು ಸೋರುತ್ತಿದ್ದರೆ ಮಣೆ ಹಾಕಿ ಸುಮ್ಮನಾದೆ.

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮಾವನವರು 1968ರಲ್ಲಿ ಕಟ್ಟಿಸಿದ ಮನೆ. ಗೋಡೆಗೆ ಮರದ ಪಟ್ಟಿ, ಪಟ್ಟಿಗೆ ತಗಡಿನ ಕ್ಲಿಪ್ಪು, ಕ್ಲಿಪ್ಪಿನೊಳಗೆ ರಬ್ಬರ್ ಹೊದಿಕೆಯ ವೈರು. ಸುಣ್ಣದ ಮೇಲೆ ಸುಣ್ಣ ಬಿದ್ದು ಈಗ ಪಟ್ಟಿ ಯಾವುದು, ವೈರು ಯಾವುದು ಗೊತ್ತಾಗದು. 1994ರಲ್ಲಿ ಮುಂದೆ ಎರಡು ರೂಮು ಸೇರಿಸಿದೆವು. ಅಲ್ಲಿ ಗೋಡೆಯೊಳಗೆ ಪೈಪು, ತಾಮ್ರದ ವೈರು.

ಕೊನೆಗೊಮ್ಮೆ ವೈರಿಂಗ್ ತೋರಿಸೋಣವೆಂದು ಎಲೆಕ್ಟ್ರಿಷಿಯನ್‌ಗೆ ಹೇಳಿಕಳಿಸಿದೆ. ಮೊದಲು ಬಂದವರು ನಿಂತಲ್ಲೇ ಪಾಯಿಂಟ್ ಎಣಿಸಿ, "ಪೂರ್ತಿ ಕಿತ್ತು ಕನ್ಸೀಲ್ಡ್ ಮಾಡಿಬಿಡೋಣ" ಎಂದು ರೇಟು ಹೇಳಿದರು. ಒಂದು ಬೋರ್ಡಿನ ಸ್ಕ್ರೂ ಬಿಚ್ಚಲಿಲ್ಲ. ನಾಡಿ ನೋಡದೆ ಆಪರೇಷನ್‌ಗೆ ದಿನ ಗೊತ್ತುಮಾಡಿದ ಹಾಗೆ. ಆಮೇಲೆ ಲೈಸೆನ್ಸ್ ಇರುವ ಇನ್ನೊಬ್ಬರನ್ನು ಕರೆಸಿದೆ. ಅವರು ಮೊದಲು ಬೋರ್ಡುಗಳನ್ನು ಮೂಸಿ ನೋಡಿದರು. ಬಿಸಿಯಾಗಿ ಸುಟ್ಟ ಪ್ಲಾಸ್ಟಿಕ್ಕಿಗೆ ಮೀನಿನಂಥ ವಾಸನೆ ಬರುತ್ತದಂತೆ. ಆಮೇಲೆ ಕೇಳಿದರು, "ಫ್ಯೂಸ್ ಕೊನೇ ಸಲ ಯಾವಾಗ ಹೋಗಿತ್ತು ಸಾರ್?"

"ಹತ್ತು ವರ್ಷದಿಂದ ಹೋಗೇ ಇಲ್ಲ" ಎಂದರು ನಮ್ಮ ಯಜಮಾನರು, ಹೆಮ್ಮೆಯಿಂದ.

ಎಲೆಕ್ಟ್ರಿಷಿಯನ್ ಪಿಂಗಾಣಿಯ ಫ್ಯೂಸ್ ಎಳೆದರು. ಕೂದಲೆಳೆಯಷ್ಟು ತಂತಿ ಇರಬೇಕಾದ ಕಡೆ ಹಳೇ ವೈರಿನಿಂದ ಕಿತ್ತ ನಾಲ್ಕೆಳೆ ತಾಮ್ರ, ಜಡೆ ಹೆಣೆದ ಹಾಗೆ ಹೊಸೆದು ಸುತ್ತಿತ್ತು. ಕೈಕೆಲಸ ಯಾರದೆಂದು ಕೇಳುವ ಅಗತ್ಯವಿರಲಿಲ್ಲ. "ಇದು ಹೋಗಲ್ಲ ಸಾರ್" ಎಂದರು ಅವರು. "ಇದರ ಬದಲು ಮನೆ ಹೋಗುತ್ತೆ."

ಮಾವನವರ ಕಾಲಕ್ಕೆ ಈ ಮನೆಯಲ್ಲಿದ್ದದ್ದು ಎಂಟು ಬಲ್ಬು, ಎರಡು ಫ್ಯಾನು, ಒಂದು ರೇಡಿಯೊ. ಈಗ 2 ಕಿಲೋವ್ಯಾಟ್‌ನ ಗೀಸರ್ ಒಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ಜೊತೆಗೆ ಇಂಡಕ್ಷನ್ ಒಲೆ, ಮಿಕ್ಸಿ, ಫ್ರಿಜ್ಜು. ವೈರಿನಲ್ಲಿ ಕರೆಂಟು ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟಾಗುತ್ತದೆ. ಆ ಕಾವಿಗೆ ಮೊದಲು ಸಾಯಬೇಕಾದದ್ದು ಫ್ಯೂಸು. ನಾವು ಅದನ್ನು ಚಿರಂಜೀವಿ ಮಾಡಿದ್ದೆವು. ಬೇಯುತ್ತಿದ್ದದ್ದು ವೈರಿನ ರಬ್ಬರ್. ಅಡುಗೆಮನೆಯ ಸೀಲಿಂಗ್ ರೋಸ್ ಬಿಚ್ಚಿ ವೈರನ್ನು ಸ್ವಲ್ಪ ಬಗ್ಗಿಸಿದರೆ ಹೊದಿಕೆ ಹಳೇ ಹಪ್ಪಳದಂತೆ ಪುಡಿಪುಡಿಯಾಗಿ ನನ್ನ ಒಗ್ಗರಣೆ ಡಬ್ಬಿಯ ಮೇಲೆ ಉದುರಿತು.

ಮೇನ್ ಆಫ್ ಮಾಡಿ, ಬಲ್ಬು ಪ್ಲಗ್ಗುಗಳನ್ನೆಲ್ಲ ಕಿತ್ತು, ಮೆಗ್ಗರ್ ಎಂಬ ಯಂತ್ರ ಹಚ್ಚಿದರು. ಅದು ವೈರಿಗೆ 500 ವೋಲ್ಟ್ ಕೊಟ್ಟು ಹೊದಿಕೆ ಎಷ್ಟು ತಡೆಯುತ್ತದೆಂದು ಅಳೆಯುತ್ತದೆ. 1 ಮೆಗಾಓಮ್‌ಗಿಂತ ಕೆಳಗೆ ಇಳಿಯಬಾರದು. ಮುಂದಿನ ರೂಮುಗಳಲ್ಲಿ 200 ದಾಟಿತು, ಅಡುಗೆಮನೆಯಲ್ಲಿ 0.2. ಆಷಾಢದ ಜಡಿಯಲ್ಲಿ ಗೋಡೆ ನೆನೆದಿದ್ದದ್ದು ಒಳ್ಳೆಯದೇ ಆಯಿತಂತೆ. ಬೇಸಿಗೆಯಲ್ಲಾಗಿದ್ದರೆ ಇದೇ ವೈರು ಪಾಸಾಗಿಬಿಡುತ್ತಿತ್ತೇನೋ.

ಅರ್ಥಿಂಗ್ ಗುಂಡಿಯೇ ಸಿಗಲಿಲ್ಲ. ಹಿತ್ತಿಲಿಗೆ ಟೈಲ್ಸ್ ಹಾಕಿಸುವಾಗ ಮುಚ್ಚಿಹೋಗಿತ್ತು. ಟೈಲ್ಸ್ ಒಡೆದು ನೋಡಿದರೆ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಮಷಿನ್ನಿನಲ್ಲಿ ಸೋರಿದ ಕರೆಂಟು ಆ ತಂತಿ ಹಿಡಿದು ಮಣ್ಣಿಗಿಳಿಯಬೇಕು. ದಾರಿ ಇಲ್ಲವಾದ್ದರಿಂದ ನನ್ನ ಸೊಸೆಯನ್ನು ಹಿಡಿದಿತ್ತು.

ಫ್ಯೂಸಿನ ಬದಲು ಎಂಸಿಬಿ ಹಾಕಿಸಿದರೆ ಸಾಕು ಅಂದುಕೊಂಡಿದ್ದೆ. ಅದು ಕಾಯುವುದು ವೈರನ್ನು. ಕರೆಂಟು ಹೆಚ್ಚಾದರೆ ಬೀಳುತ್ತದೆ. ಮನುಷ್ಯನ ಜೀವ ತೆಗೆಯಲು ಅಷ್ಟು ಕರೆಂಟು ಬೇಕಾಗಿಯೇ ಇಲ್ಲ. ಅದಕ್ಕೆ ಆರ್‌ಸಿಸಿಬಿ ಬೇಕು. ನನಗಂತೂ ಅದು ತಕ್ಷಣ ಅರ್ಥವಾಯಿತು, ಯಾಕೆಂದರೆ ಅದು ಮಾಡುವುದು ಕ್ಯಾಷಿಯರ್ ಕೆಲಸ. ಫೇಸ್‌ನಲ್ಲಿ ಹೋದದ್ದೆಲ್ಲ ನ್ಯೂಟ್ರಲ್‌ನಲ್ಲಿ ವಾಪಸು ಬಂತೇ ಎಂದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ, ಯಾರ ಮೈ ಮೂಲಕವೋ ಹೋಗುತ್ತಿದೆ ಎಂದುಕೊಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಕೌಂಟರ್ ಮುಚ್ಚುತ್ತದೆ. ಅದರ ಮೇಲಿರುವ 'ಟಿ' ಗುಂಡಿಯನ್ನು ಆಗಾಗ ಒತ್ತಿ ಪರೀಕ್ಷಿಸಬೇಕು.

ಕೊನೆಗೆ ಮುಂದಿನ ರೂಮುಗಳ ವೈರು ಹಾಗೇ ಉಳಿಸಿಕೊಂಡೆವು, ಅರ್ಥ್ ವೈರು ಮಾತ್ರ ಹೊಸದಾಗಿ ಎಳೆಸಿದೆವು. ಹಳೇ ಭಾಗವೆಲ್ಲ ಹೊಸದು: ಲೈಟಿಗೆ ಒಂದೂವರೆ ಚದರ ಮಿಲಿಮೀಟರ್ ವೈರು, ಪ್ಲಗ್ಗಿಗೆ ಎರಡೂವರೆ, ಗೀಸರಿಗೆ ಪ್ರತ್ಯೇಕವಾಗಿ ನಾಲ್ಕು. ಗೋಡೆ ಕೊರೆಸಲಿಲ್ಲ, ಮೇಲೇ ಪಿವಿಸಿ ಪಟ್ಟಿ. ನೋಡಲು ಚೆಂದವಿಲ್ಲ ಎಂದು ಮಗ ಗೊಣಗಿದ. ಗೋಡೆ ಕೊರೆಯಲು ಅವನೇನೂ ದುಡ್ಡು ಕೊಡುತ್ತಿರಲಿಲ್ಲ.

ಮಾರನೇ ವಾರದಿಂದ ಆರ್‌ಸಿಸಿಬಿ ಬೀಳತೊಡಗಿತು, ಅದೂ ಬೆಳಿಗ್ಗೆ ಎಂಟೂವರೆಗೆ. "ದುಡ್ಡು ಕೊಟ್ಟು ತಲೆನೋವು ತಂದ್ಕೊಂಡ್ವಿ, ಅದನ್ನ ತೆಗೆಸಿ ಡೈರೆಕ್ಟ್ ಮಾಡಿಸೋಣ" ಎಂದರು ನಮ್ಮ ಯಜಮಾನರು. ಫೋನ್ ಮಾಡಿದೆ. "ಎಂಟೂವರೆಗೆ ಏನು ಹಾಕ್ತೀರಮ್ಮ?" ಎಂದು ಕೇಳಿದರು ಆ ಕಡೆಯಿಂದ.

ಯಜಮಾನರ ಇಸ್ತ್ರಿಪೆಟ್ಟಿಗೆ. ಪಕ್ಕದ ಮನೆಯದನ್ನು ತಂದು ಹಾಕಿದೆವು, ಬೀಳಲಿಲ್ಲ. ನಮ್ಮದು ಗುಜರಿಗೆ ಹೋಯಿತು. ಗುಜರಿಯವನು ಒಯ್ಯುವ ಮುಂಚೆ ಇವರು ಅದರ ವೈರನ್ನು ಕತ್ತರಿಸಿಕೊಂಡರು. ನಾನು ಕಿತ್ತುಕೊಂಡು ಅದನ್ನೂ ಅವನ ಗಾಡಿಗೇ ಹಾಕಿದೆ.