ನೆಟ್ ನಿಧಾನವೇ? ಮೊದಲು ಮನೆಯೊಳಗೆ ನೋಡೋಣ

ಗಲ್ಫಿನಲ್ಲಿರುವ ಮಗನ ವಿಡಿಯೋ ಕಾಲ್ ಪದೇ ಪದೇ ನಿಂತರೆ ನಮ್ಮಲ್ಲಿ ಹಲವರಿಗೆ ಮೊದಲು ಬರುವ ಗುಮಾನಿ, ಪಕ್ಕದ ಮನೆಯ ಹುಡುಗ ನಮ್ಮ ವೈಫೈ ಕದಿಯುತ್ತಿದ್ದಾನೆ ಎಂಬುದು. ಇಂಥ ಗುಮಾನಿಯ ಬಗ್ಗೆಯೇ ಸೂರಃ ಅಲ್ ಹುಜುರಾತ್‌ನ 12ನೇ ವಚನ ನಮ್ಮನ್ನು ಎಚ್ಚರಿಸುತ್ತದೆ. ಆರೋಪಕ್ಕೆ ಮೊದಲು ಪರೀಕ್ಷಿಸೋಣ.

ಲ್ಯಾಪ್‌ಟಾಪ್ ಇದ್ದರೆ ರೌಟರ್‌ಗೆ ಕೇಬಲ್ ಸಿಕ್ಕಿಸಿ ವೇಗ ಅಳೆಯಿರಿ. ಆಗಲೂ ನಿಧಾನವೆಂದಾದರೆ ತೊಂದರೆ ಲೈನಿನದ್ದಾಗಿರುವ ಸಾಧ್ಯತೆ ಹೆಚ್ಚು. ಕಂಪೆನಿಗೆ ದೂರು ಕೊಡಿ. ಅಲ್ಲಿ ಸರಿಯಿದ್ದು ಒಳಕೋಣೆಯಲ್ಲಿ ಮಾತ್ರ ಸೊರಗಿದರೆ ಗೋಡೆಗಳನ್ನು ನೋಡಬೇಕು. 5 ಗಿಗಾಹರ್ಟ್ಸ್ ವೈಫೈಗೆ ವೇಗ ಹೆಚ್ಚು, ಆದರೆ ಗೋಡೆ ದಾಟುವಾಗ ಬೇಗ ಕುಗ್ಗುತ್ತದೆ. 2.4 ದೂರ ಹೋಗುತ್ತದೆ, ವೇಗ ಕಡಿಮೆ. ಕಬ್ಬಿಣದ ಕಪಾಟಿನ ಹಿಂದೆ, ಫ್ರಿಜ್ಜಿನ ಪಕ್ಕ ರೌಟರ್ ಇಡುವವರು ನಮ್ಮಲ್ಲಿ ಕಡಿಮೆಯೇನಲ್ಲ! ಮನೆಯ ನಡುವೆ, ಎತ್ತರದಲ್ಲಿಡಿ.

ನಾವು ಮರೆಯುವುದು ಅಪ್‌ಲೋಡ್. ಮದುವೆಯ ಫೋಟೋ, ವಿಡಿಯೋಗಳನ್ನು ಮನೆಯ ಫೋನುಗಳು ತಾವಾಗಿಯೇ ಬ್ಯಾಕಪ್ ಮಾಡುತ್ತಿರುತ್ತವೆ. ಹೊರಹೋಗುವ ದಾರಿ ಹೀಗೆ ತುಂಬಿಕೊಂಡರೆ ಕಾಲ್ ತುಂಡು ತುಂಡಾಗುತ್ತದೆ. ಕಾಲ್ ಮುಗಿಯುವವರೆಗೆ ಬ್ಯಾಕಪ್ ನಿಲ್ಲಿಸಿ.

ಇನ್ನೊಂದು ವಿಷಯ. 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 40 ಮೆಗಾಬಿಟ್. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ ಡೌನ್‌ಲೋಡ್ ಸೆಕೆಂಡಿಗೆ 5 ಮೆಗಾಬೈಟ್ ತೋರಿಸಿದರೆ ಅದು ಮೋಸವಲ್ಲ.

ಕೊನೆಗೆ ರೌಟರ್‌ನ ಸೆಟ್ಟಿಂಗ್ಸ್ ತೆರೆದು, ಯಾವ ಯಾವ ಸಾಧನಗಳು ಸೇರಿಕೊಂಡಿವೆ ನೋಡಿ. ಎಷ್ಟೋ ಸಲ ಎಲ್ಲವೂ ಮನೆಯವರದ್ದೇ: ಟಿವಿ, ಮೂಲೆಗೆ ಬಿದ್ದ ಹಳೆಯ ಫೋನ್. ಗುರುತಿಲ್ಲದ್ದು ಕಂಡರೆ ಪಾಸ್‌ವರ್ಡ್ ಬದಲಿಸಿದರೆ ಸಾಕು, ನೆರೆಮನೆಯ ಅಂಗಳದಲ್ಲಿ ಜಗಳ ಬೇಡ. ಆ ಪಾಸ್‌ವರ್ಡ್ ಕೊಟ್ಟವರು ನಮ್ಮ ಮಕ್ಕಳೇ ಆಗಿರಬಹುದು.