ತವರು ಬಿಡದ ಹಕ್ಕಿಗಳು

ಉಷ್ಣವನ್ನು ಅಳೆಯುವ ಪ್ರಯೋಗದಲ್ಲಿ ಪಾತ್ರೆಯ ಸುತ್ತ ಉಣ್ಣೆಯನ್ನೋ ಹತ್ತಿಯನ್ನೋ ತುಂಬಿ, ಒಳಗಿನ ಶಾಖ ಹೊರಗೆ ಹೋಗದಂತೆಯೂ ಹೊರಗಿನದು ಒಳಗೆ ಬಾರದಂತೆಯೂ ನೋಡಿಕೊಳ್ಳುತ್ತೇವೆ. ಇಲ್ಲವಾದರೆ ಜಮಾಖರ್ಚು ಸರಿಹೋಗದು. ಹಕ್ಕಿಗಳ ನಡವಳಿಕೆಯನ್ನು ಬಯಲಿನಲ್ಲಿ ಅಭ್ಯಸಿಸುವವನಿಗೆ ಇಂತಹ ಮುಚ್ಚಿದ ಪಾತ್ರೆ ಎಲ್ಲಿಂದ ಬರಬೇಕು? ಇಂದು ಈ ಮರದಲ್ಲಿ ಕಂಡ ಹಕ್ಕಿ ನಾಳೆ ಕಾಣದಿದ್ದರೆ, ಅದು ಸತ್ತಿತೋ ನೆರೆಯ ಕಾಡಿಗೆ ಹಾರಿಹೋಯಿತೋ ಹೇಳಬಲ್ಲವರಾರು? ಈ ತೊಡಕಿಗೆ ಪ್ರಕೃತಿಯೇ ಒದಗಿಸಿರುವ ಪರಿಹಾರವೆಂದರೆ ಕಡಲ ನಡುವಣ ಪುಟ್ಟ ದ್ವೀಪ.

ಹಿಂದೂ ಮಹಾಸಾಗರದ ಪಶ್ಚಿಮ ಭಾಗದಲ್ಲಿ, ಭೂಮಧ್ಯರೇಖೆಗೆ ತುಸು ದಕ್ಷಿಣದಲ್ಲಿ, ಸೇಶೆಲ್ಸ್ ದ್ವೀಪಸ್ತೋಮವಿದೆ. ಅದರಲ್ಲಿ ಕಸಿನ್ ಎಂಬ ದ್ವೀಪದ ವಿಸ್ತೀರ್ಣ ಸುಮಾರು 70 ಎಕರೆ ಮಾತ್ರ. ನಮ್ಮ ಕಡೆಯ ಒಂದು ಸಾಧಾರಣ ಕೆರೆಯಷ್ಟು. ಸೇಶೆಲ್ಸ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿಗೆ ಇದೇ ಕೊನೆಯ ಆಶ್ರಯವಾಗಿತ್ತು. ಇದನ್ನು ನಾವು ಇಲ್ಲಿ ಉಲಿಯಕ್ಕಿಯೆಂದೇ ಕರೆಯೋಣ. ಕಂದುಬಣ್ಣದ ಬೆನ್ನು, ಮಾಸಲು ಬಿಳುಪಿನ ಹೊಟ್ಟೆ, ಸುಮಾರು 15 ಗ್ರಾಂ ತೂಕ. ನೋಟಕ್ಕೆ ವಿಶೇಷವೇನೂ ಇಲ್ಲ. ದ್ವೀಪದ ಸಹಜವಾದ ಕಾಡನ್ನು ಕಡಿದು ತೆಂಗನ್ನು ನೆಟ್ಟ ಪರಿಣಾಮವಾಗಿ 1960ರ ದಶಕದಲ್ಲಿ ಜಗತ್ತಿನಲ್ಲೆಲ್ಲ ಈ ಜಾತಿಯ ಹಕ್ಕಿಗಳು ಮೂವತ್ತಕ್ಕಿಂತ ಕಡಿಮೆ ಉಳಿದಿದ್ದವು. 1968ರಲ್ಲಿ ಅಂತರರಾಷ್ಟ್ರೀಯ ಪಕ್ಷಿಸಂರಕ್ಷಣಾ ಮಂಡಲಿಯು ಕಸಿನ್ ದ್ವೀಪವನ್ನೇ ಕೊಂಡುಕೊಂಡು, ತೆಂಗಿನ ಸಸಿಗಳನ್ನು ತೆಗೆಸಿ, ಹಳೆಯ ಕಾಡು ತಾನಾಗಿ ಬೆಳೆಯುವಂತೆ ಮಾಡಿತು. 1980ರ ದಶಕದ ಆರಂಭದ ವೇಳೆಗೆ ಹಕ್ಕಿಗಳ ಸಂಖ್ಯೆ ಸುಮಾರು 320ನ್ನು ಮುಟ್ಟಿ ಅಲ್ಲಿಯೇ ನಿಂತಿತು. ದ್ವೀಪ ತುಂಬಿತ್ತು.

ರೆಕ್ಕೆಯಿದ್ದರೂ ಈ ಹಕ್ಕಿ ಕಡಲನ್ನು ದಾಟುವುದು ತೀರ ಅಪರೂಪ. ಆದುದರಿಂದ ಒಂದು ಹಕ್ಕಿ ಕಾಣದಾಯಿತೆಂದರೆ ಅದು ಸತ್ತಿತೆಂದೇ ಬಹುಮಟ್ಟಿಗೆ ನಂಬಬಹುದು. 1985ರಿಂದ ಮುಂದೆ ಡಚ್ ವಿಜ್ಞಾನಿ ಯಾನ್ ಕೊಮ್ಡರ್ ಮತ್ತು ಅವರ ಸಂಗಡಿಗರು ಹಕ್ಕಿಗಳ ಕಾಲಿಗೆ ಬಣ್ಣದ ಬಳೆಗಳನ್ನು ತೊಡಿಸಿ, ಒಂದೊಂದರ ಜೀವನವನ್ನೂ ಹುಟ್ಟಿನಿಂದ ಸಾವಿನವರೆಗೆ ಬರೆದಿಡತೊಡಗಿದರು. ಆಗ ಅವರ ಮುಂದೆ ನಿಂತ ಪ್ರಶ್ನೆ ಇದು. ಈ ಜಾತಿಯಲ್ಲಿ ಬೆಳೆದ ಮಕ್ಕಳು, ಅದರಲ್ಲಿಯೂ ಹೆಣ್ಣುಗಳು, ತವರನ್ನು ಬಿಡದೆ ಉಳಿದು, ತಮ್ಮ ಅನಂತರ ಹುಟ್ಟಿದ ಮರಿಗೆ ಉಣಿಸುತ್ತವೆ, ಗೂಡು ಕಾಯುತ್ತವೆ. ನಮ್ಮ ತೋಟಗಳ ಹರಟೆಮಲ್ಲ ಹಕ್ಕಿಗಳಲ್ಲಿಯೂ ಇಂತಹ ಅವಿಭಕ್ತ ಕುಟುಂಬವುಂಟು. ತಾನೇ ಸಂಸಾರ ಹೂಡುವ ವಯಸ್ಸಿನಲ್ಲಿ ಹಕ್ಕಿ ಇನ್ನೊಬ್ಬರ ಮರಿಯನ್ನೇಕೆ ಸಾಕಬೇಕು?

ಜಾಗ ಸಿಕ್ಕದೆ ಉಳಿಯುತ್ತವೆ ಎಂಬುದು ಮೊದಲು ಹೊಳೆಯುವ ಉತ್ತರ. ಪ್ರತಿಯೊಂದು ಜೋಡಿಗೂ ತನ್ನದೇ ಆದ ಕ್ಷೇತ್ರವುಂಟು; ಜಹಗೀರು ಎಂದರೂ ಸಲ್ಲುತ್ತದೆ. ಹಕ್ಕಿಯ ಆಹಾರವೆಲ್ಲ ಎಲೆಗಳ ಅಡಿಯಲ್ಲಿರುವ ಕೀಟಗಳೇ ಆದುದರಿಂದ, ಎಲೆಗಳನ್ನು ತಿರುಗಿಸಿ ಕೀಟಗಳನ್ನು ಎಣಿಸಿ, ಯಾವ ಕ್ಷೇತ್ರ ಸಮೃದ್ಧ, ಯಾವುದು ಬಡ ಎಂದು ವಿಂಗಡಿಸಿದರು. ಬೇಸರದ ಕೆಲಸವೆನ್ನಿ, ಆದರೆ ಅಳತೆಯಿಲ್ಲದೆ ವಿಜ್ಞಾನವೆಲ್ಲಿ?

ಉತ್ತರವನ್ನು ಒರೆಗೆ ಹಚ್ಚುವ ಅವಕಾಶ ಬಂದದ್ದು ಸಂರಕ್ಷಣೆಯ ಕಾರ್ಯದಿಂದಲೇ. ಇಡೀ ಜಾತಿ ಒಂದೇ ದ್ವೀಪದಲ್ಲಿದ್ದರೆ, ಯಾವುದೋ ದೋಣಿಯಿಂದಿಳಿದ ಇಲಿಗಳ ಹಿಂಡು ಸಾಕು, ಎಲ್ಲವೂ ಮುಗಿಯುತ್ತದೆ. ಆದುದರಿಂದ 1988ರಲ್ಲಿ 29 ಹಕ್ಕಿಗಳನ್ನು ಆರಿಡ್ ದ್ವೀಪಕ್ಕೂ, 1990ರಲ್ಲಿ ಮತ್ತೆ 29ನ್ನು ಕಸೀನ್ ಎಂಬ ಬೇರೊಂದು ದ್ವೀಪಕ್ಕೂ ಒಯ್ದು ಬಿಟ್ಟರು. ಕಸಿನ್ನಿನಲ್ಲಿ ಹೀಗೆ ತೆರವಾದ ಕ್ಷೇತ್ರಗಳಿಗೆ, ಅದುವರೆಗೆ ತವರಿನಲ್ಲಿ ದುಡಿಯುತ್ತಿದ್ದ ಸಹಾಯಕ ಹಕ್ಕಿಗಳು ಕೆಲವೇ ಗಂಟೆಗಳಲ್ಲಿ ಬಂದು ನೆಲೆಸಿದವು! ಜಾಗದ ಅಭಾವವೇ ಕಾರಣವೆಂಬುದು ಇದರಿಂದ ಸ್ಪಷ್ಟವಾಯಿತು. ಆದರೆ ಸಂಗತಿ ಇಷ್ಟಕ್ಕೇ ಮುಗಿಯಲಿಲ್ಲ. ಸಮೃದ್ಧ ಮನೆಯ ಮಗಳು ಬಡ ಕ್ಷೇತ್ರ ತೆರವಾದರೆ ಅತ್ತ ತಿರುಗಿಯೂ ನೋಡಲಿಲ್ಲ. ಆರಿಡ್‌ನಲ್ಲಿ ಮೊದಮೊದಲು ಎಲ್ಲ ಮಕ್ಕಳೂ ತವರನ್ನು ಬಿಟ್ಟುಹೋದವು. ಒಳ್ಳೆಯ ಕ್ಷೇತ್ರಗಳೆಲ್ಲ ತುಂಬಿದ ಮೇಲೆ, ಬಡ ಕ್ಷೇತ್ರಗಳು ಇನ್ನೂ ಖಾಲಿಯಿದ್ದರೂ, ಸಮೃದ್ಧ ಮನೆಗಳ ಮಕ್ಕಳು ಉಳಿಯತೊಡಗಿದವು. ಬಡತನದಲ್ಲಿ ಒಡೆತನಕ್ಕಿಂತ ತವರಿನ ಅನ್ನವೇ ಲೇಸೆಂಬ ಲೆಕ್ಕ ಅಲ್ಲಿತ್ತು.

ತಾಯಿಯ ಲೆಕ್ಕ ಇದಕ್ಕಿಂತಲೂ ಸೂಕ್ಷ್ಮವಾದುದು. ಸಮೃದ್ಧ ಕ್ಷೇತ್ರದಲ್ಲಿ ಒಬ್ಬಿಬ್ಬರು ಸಹಾಯಕಿಯರಿದ್ದರೆ ಮರಿ ಬದುಕುವ ಸಂಭವ ಹೆಚ್ಚು. ಬಡ ಕ್ಷೇತ್ರದಲ್ಲಿ ಅವರೇ ಕೀಟಗಳನ್ನು ತಿಂದು ಹೊರೆಯಾಗುತ್ತಾರೆ. ಹಾಗಾದರೆ ಹೆಣ್ಣು ಎಲ್ಲಿ ಹುಟ್ಟಬೇಕು, ಗಂಡು ಎಲ್ಲಿ? ಮಾನವರಲ್ಲಿ ಮಗುವಿನ ಲಿಂಗವನ್ನು ನಿರ್ಧರಿಸುವುದು ತಂದೆಯ ಬೀಜಕಣ; ಹಕ್ಕಿಗಳಲ್ಲಿ ತಾಯಿಯ ಅಂಡಕಣ. ಉಲಿಯಕ್ಕಿ ಸಾಮಾನ್ಯವಾಗಿ ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ. ಮರಿಯ ಒಂದು ಹನಿ ರಕ್ತದಿಂದ ಲಿಂಗವನ್ನು ಗುರುತಿಸಿ ನೋಡಿದಾಗ, ಸಹಾಯಕರಿಲ್ಲದ ಜೋಡಿಗಳಲ್ಲಿ, ಬಡ ಕ್ಷೇತ್ರದ ಮರಿಗಳ ಪೈಕಿ ನೂರಕ್ಕೆ 77 ಗಂಡು. ಸಮೃದ್ಧ ಕ್ಷೇತ್ರದಲ್ಲಿ ಗಂಡು ನೂರಕ್ಕೆ 13 ಮಾತ್ರ. ಈ ಫಲಿತಾಂಶ 1997ರಲ್ಲಿ ಪ್ರಕಟವಾಯಿತು.

ನಮಗೆ ಇದಕ್ಕಿಂತ ಹೆಚ್ಚು ಮೆಚ್ಚುಗೆಯಾಗುವುದು ಅವರ ಮುಂದಿನ ಹೆಜ್ಜೆ. ಎರಡು ಸಂಗತಿಗಳು ಜೊತೆಯಲ್ಲಿ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವೆನ್ನಲಾಗದು. ಗಂಡುಮರಿಗಳನ್ನೇ ಹೆಚ್ಚಾಗಿ ಹೆರುವ ಗುಣ ಆ ಹಕ್ಕಿಗಳದ್ದೋ, ಅವು ನೆಲೆಸಿದ ನೆಲದ್ದೋ? ಇದನ್ನು ತಿಳಿಯಲು ಬಡ ಕ್ಷೇತ್ರದ ಜೋಡಿಗಳನ್ನೇ ಸಮೃದ್ಧ ಕ್ಷೇತ್ರಕ್ಕೆ ಒಯ್ದರು. ಅದೇ ತಾಯಿ, ಅದೇ ತಂದೆ. ಆದರೆ ಈಗ ಹುಟ್ಟಿದವು ಬಹುಪಾಲು ಹೆಣ್ಣುಗಳು! ಒಂದು ಸಮೃದ್ಧ ಕ್ಷೇತ್ರದಿಂದ ಇನ್ನೊಂದು ಸಮೃದ್ಧ ಕ್ಷೇತ್ರಕ್ಕೆ ಒಯ್ದ ಜೋಡಿಗಳು ಮೊದಲಿನಂತೆಯೇ ಹೆಣ್ಣುಗಳನ್ನು ಹೆತ್ತವು. ಆದುದರಿಂದ ಬದಲಾವಣೆಗೆ ಪ್ರಯಾಣ ಕಾರಣವಲ್ಲ. ಪ್ರಯೋಗಶಾಲೆಯಲ್ಲಿ ಒಂದನ್ನು ಮಾತ್ರ ಬದಲಿಸಿ ಉಳಿದುದನ್ನೆಲ್ಲ ಹಾಗೆಯೇ ಇಡುವ ಕ್ರಮವನ್ನು ಬಯಲಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ನಡೆಸಿದ ಉದಾಹರಣೆಗಳು ವಿರಳ.

ಮುಂದೆ ಡಿ.ಎನ್.ಎ. ಪರೀಕ್ಷೆ ಕೈಗೆ ಬಂದಾಗ ಈ ಸಂಸಾರದ ಗುಟ್ಟುಗಳೂ ಹೊರಬಿದ್ದವು. ಹತ್ತು ಮರಿಗಳಲ್ಲಿ ಸುಮಾರು ನಾಲ್ಕಕ್ಕೆ ತಂದೆ ಬೇರೆ ಕ್ಷೇತ್ರದ ಗಂಡು. ಅಷ್ಟೇ ಅಲ್ಲ, ಸೇವೆಗೆ ನಿಂತವಳೆಂದು ತಿಳಿದಿದ್ದ ಸಹಾಯಕಿಯೂ ಎಷ್ಟೋ ವೇಳೆ ಅದೇ ಗೂಡಿನಲ್ಲಿ ತನ್ನದೊಂದು ಮೊಟ್ಟೆಯನ್ನಿಡುತ್ತಾಳೆ. ಹಾಗೆಂದು ರಕ್ತಸಂಬಂಧಕ್ಕೆ ಬೆಲೆಯಿಲ್ಲವೆಂದಲ್ಲ. ತಾನು ಮರಿಯಾಗಿದ್ದಾಗ ಸಾಕಿದ ಮನೆಯೊಡತಿ ಇನ್ನೂ ಗೂಡಿನಲ್ಲಿದ್ದರೆ ಸಹಾಯಕಿ ಮರಿಗೆ ಉಣಿಸುತ್ತಾಳೆ. ಒಡತಿ ಬದಲಾಗಿದ್ದರೆ ಆ ಉತ್ಸಾಹ ಕುಗ್ಗುತ್ತದೆ. ಗಂಡು ಬದಲಾದರೆ ಅಂತಹ ವ್ಯತ್ಯಾಸವೇನೂ ಕಾಣುವುದಿಲ್ಲ.